ದೂರು ಎಲ್ಲಿಂದ ಎಲ್ಲಿಯವರೆಗೆ?

ನಮ್ಮ ಕಾಸರಗೋಡಿನ ಅಡಿಕೆ ತೋಟಗಳನ್ನು ನೀವೆಲ್ಲ ನೋಡಿರುತ್ತೀರಿ. ಒಬ್ಬರ ತೋಟ ಮುಗಿದು ಇನ್ನೊಬ್ಬರ ತೋಟ ಆರಂಭವಾಗುವಲ್ಲಿ ಒಂದು ಅಗಳೋ, ಮುರಕಲ್ಲಿನ ಕಟ್ಟವೋ, ಬೇಲಿಯೋ ಇರುತ್ತದೆ. ಈ ಗಡಿ ಸರಿಯಾಗಿ ತಿಳಿಯದೆ ಹೋದರೆ ಜಗಳವಾಗುತ್ತದೆ. ಆಗ ಸರ್ವೆಯವರು ಬಂದು ಅಳೆದು ಕಲ್ಲು ನೆಡುತ್ತಾರೆ. ಒಬ್ಬರು ಬರೆಯುವ ದೂರಿಗೂ ಇಂತಹ ಗಡಿ ಇದೆ. ಯಾರ ಮೇಲೆ ದೂರು, ಯಾವ ವಿಷಯದ ಬಗ್ಗೆ, ಯಾವ ದಿನದಿಂದ, ಏನು ಆಗಬೇಕೆಂದು ಎಂಬುದೆಲ್ಲ ಸೇರಿ ದೂರಿನ ಗಡಿಯಾಗುತ್ತದೆ. ಇದನ್ನು ದೂರಿನ ವ್ಯಾಪ್ತಿ ಎನ್ನುತ್ತಾರೆ.

ಕೆಲಸದ ಸ್ಥಳದಲ್ಲಿ ಅಂಗವಿಕಲತೆಯ ಕಾರಣದಿಂದ ತಾರತಮ್ಯಕ್ಕೆ ಒಳಗಾದವರು ಕೊಡುವ ದೂರನ್ನು ಇಲ್ಲಿ ಉದಾಹರಣೆಯಾಗಿ ನೋಡೋಣ. ತಾರತಮ್ಯ ಎಂದರೆ ಸಮಾನರಾದವರ ನಡುವೆ ಭೇದ ಮಾಡುವುದು. ಇಂತಹ ದೂರುಗಳಲ್ಲಿ ಗಡಿಯ ಪ್ರಶ್ನೆ ಬಹಳ ಮುಖ್ಯ. ಗಡಿಯನ್ನು ತೀರ ಚಿಕ್ಕದಾಗಿ ಹಾಕಿಕೊಂಡರೆ ಸಿಗಬೇಕಾದ ನ್ಯಾಯ ಹೊರಗೆ ಉಳಿಯುತ್ತದೆ. ತೀರ ದೊಡ್ಡದಾಗಿ ಹಾಕಿಕೊಂಡರೆ ಮುಖ್ಯ ವಿಷಯ ರಾಶಿಯೊಳಗೆ ಮುಚ್ಚಿಹೋಗುತ್ತದೆ.

ಒಂದು ಸರ್ಕಾರಿ ಕಚೇರಿಯಲ್ಲಿ ಒಬ್ಬ ಗುಮಾಸ್ತರಿದ್ದಾರೆ ಎಂದುಕೊಳ್ಳಿ. ಅವರು ಎರಡು ಊರುಗೋಲುಗಳ ನೆರವಿನಿಂದ ನಡೆಯುತ್ತಾರೆ. ಕಚೇರಿಗೆ ಎರಡು ಅಂತಸ್ತು. ಲಿಫ್ಟ್ ಇಲ್ಲ. ಅವರ ಮೇಜು ಮೇಲಿನ ಅಂತಸ್ತಿನಲ್ಲಿದೆ. ಕೆಳಗೆ ಕುಳಿತು ಕೆಲಸ ಮಾಡುತ್ತೇನೆ ಎಂದು ಕೇಳಿದರೆ ಮೇಲಧಿಕಾರಿ ಒಪ್ಪುವುದಿಲ್ಲ. ಒಂದು ದಿನ ಅವರಿಗೆ ಕೋಪ ಬಂದು ನಾಲ್ಕು ಪುಟಗಳ ದೂರು ಬರೆಯುತ್ತಾರೆ. ಅದರಲ್ಲಿ ಮೆಟ್ಟಿಲಿನ ವಿಷಯವಿದೆ. ಮೇಲಿನ ಹುದ್ದೆಗೆ ಓಡಾಟ ಹೆಚ್ಚು ಎಂದು ಹೇಳಿ ತನಗೆ ಬಡ್ತಿ ಕೊಡಲಿಲ್ಲ ಎಂದಿದೆ. ಕೆಲವರು ತನ್ನ ನಡಿಗೆಯನ್ನು ಹಿಡಿದು ಅಡ್ಡಹೆಸರು ಕರೆಯುತ್ತಾರೆ ಎಂದಿದೆ. ಕಚೇರಿಯ ನಳ್ಳಿಯಲ್ಲಿ ನೀರು ಬರುವುದಿಲ್ಲ ಎಂದೂ, ಪಕ್ಕದ ಮೇಜಿನವರು ಸಾಲ ಪಡೆದ ಹಣ ಕೊಟ್ಟಿಲ್ಲ ಎಂದೂ, ಮನೆಯ ಮುಂದಿನ ರಸ್ತೆ ಕೆಟ್ಟಿದೆ ಎಂದೂ ಬರೆದಿದ್ದಾರೆ.

ಅವರು ಬರೆದುದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಎಲ್ಲವೂ ಒಂದೇ ದೂರಿನೊಳಗೆ ಬರುವುದಿಲ್ಲ. ಯಾವುದು ಒಳಗೆ, ಯಾವುದು ಹೊರಗೆ ಎಂದು ತಿಳಿಯಬೇಕಾದರೆ ಕಾನೂನು ಏನು ಹೇಳುತ್ತದೆ ಎಂದು ನೋಡಬೇಕು.

ಭಾರತದಲ್ಲಿ ಇದಕ್ಕಾಗಿ ಮೊದಲು 1995ರಲ್ಲಿ ಒಂದು ಕಾಯ್ದೆ ಆಯಿತು. ಅದರ ಬದಲಿಗೆ ಬಂದುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆಗಳನ್ನು ಮಾತ್ರ ಹೇಳಿತ್ತು. ಹೊಸತರಲ್ಲಿ 21 ಬಗೆಗಳಿವೆ. ಕಣ್ಣು, ಕಿವಿ, ಕೈಕಾಲುಗಳ ತೊಂದರೆಯಷ್ಟೇ ಅಲ್ಲ, ಆಮ್ಲ ದಾಳಿಗೆ ತುತ್ತಾದವರು, ಕುಬ್ಜತೆ ಇರುವವರು, ಮಾನಸಿಕ ಕಾಯಿಲೆ ಇರುವವರು, ಹೀಮೋಫಿಲಿಯಾ, ತಲಸೇಮಿಯಾದಂತಹ ರಕ್ತದ ಕಾಯಿಲೆ ಇರುವವರು ಕೂಡ ಈ ಪಟ್ಟಿಯಲ್ಲಿದ್ದಾರೆ. ನೋಡಿದರೆ ತಿಳಿಯದ ಅಂಗವಿಕಲತೆಯೂ ಇದೆ ಎಂಬುದನ್ನು ಕಾನೂನು ಒಪ್ಪಿಕೊಂಡಿತು. ಹೀಗೆ ಪಟ್ಟಿ ಬೆಳೆದಾಗ ದೂರು ಕೊಡಬಲ್ಲವರ ಗಡಿಯೂ ಬೆಳೆಯಿತು.

ಇಲ್ಲಿ ಶೇಕಡಾ ಲೆಕ್ಕ ಒಂದು ಬರುತ್ತದೆ. ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿ ಪಡೆಯಲು ಅಂಗವಿಕಲತೆ ಕನಿಷ್ಠ ಶೇಕಡಾ 40 ಇರಬೇಕು. ಹಾಗಾದರೆ ಅದಕ್ಕಿಂತ ಕಡಿಮೆ ಇರುವವರು ದೂರು ಕೊಡುವಂತಿಲ್ಲವೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಒಬ್ಬ ಅಭ್ಯರ್ಥಿ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತನ್ನ ಉತ್ತರ ಬರೆಯಲು ಸಹಾಯಕರು ಬೇಕೆಂದು ಕೇಳಿದ್ದರು. ಶೇಕಡಾ 40 ಇಲ್ಲದವರಿಗೆ ಸಹಾಯಕರನ್ನು ಕೊಡಲಾಗದು ಎಂದು ಅವರನ್ನು ತಡೆಯಲಾಯಿತು. 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಶೇಕಡಾ 40 ಎಂಬ ಅಳತೆ ಮೀಸಲಾತಿಯಂತಹ ಕೆಲವು ಸೌಲಭ್ಯಗಳಿಗೆ ಮಾತ್ರ. ಬೇಕಾದ ಅನುಕೂಲವನ್ನು ಕೇಳುವ ಹಕ್ಕಿಗೆ ಆ ಅಳತೆಕೋಲನ್ನು ಹಿಡಿಯಬಾರದು ಎಂಬುದು ಆ ತೀರ್ಪಿನ ತಿರುಳು. ಅಂದರೆ ಮೀಸಲಾತಿಯ ಗಡಿ ಬೇರೆ, ತಾರತಮ್ಯದ ದೂರಿನ ಗಡಿ ಬೇರೆ. ಇವೆರಡನ್ನು ದೊಡ್ಡವರೂ ಕಲಸಿಬಿಡುತ್ತಾರೆ.

ಇನ್ನು ಯಾರ ಮೇಲೆ ದೂರು? ಕಾಯ್ದೆಯ 20ನೆಯ ಸೆಕ್ಷನ್ ಉದ್ಯೋಗದ ಕುರಿತಾದುದು. ಅದು ಸರ್ಕಾರಿ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಸರ್ಕಾರಿ ಸಂಸ್ಥೆ ಎಂದೊಡನೆ ಕಲೆಕ್ಟರೇಟ್, ವಿಲೇಜ್ ಆಫೀಸ್ ಮಾತ್ರ ಎಂದು ಭಾವಿಸಬೇಡಿ. ಗ್ರಾಮ ಪಂಚಾಯತು, ನಗರಸಭೆಗಳು ಅದರಲ್ಲಿ ಸೇರುತ್ತವೆ. ಸರ್ಕಾರದ ಒಡೆತನದ ಕಂಪೆನಿ, ನಿಗಮಗಳೂ ಸೇರುತ್ತವೆ. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳೂ ಸೇರುತ್ತವೆ. ನಮ್ಮ ಜಿಲ್ಲೆಯ ಎಷ್ಟೋ ಕನ್ನಡ ಶಾಲೆಗಳು ಅನುದಾನಿತ ಶಾಲೆಗಳು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ. ಖಾಸಗಿ ಕಂಪೆನಿ, ಕಾರ್ಖಾನೆ, ಸಹಕಾರಿ ಸಂಘಗಳಿಗೆ ಈ ಸೆಕ್ಷನ್ ಹಾಗೆಯೇ ಅನ್ವಯಿಸುವುದಿಲ್ಲ. ಆದರೆ ಅವೂ ಎಲ್ಲರಿಗೂ ಸಮಾನ ಅವಕಾಶ ಕೊಡುವ ನೀತಿಯೊಂದನ್ನು ಬರೆದು ಪ್ರಕಟಿಸಬೇಕು ಎಂದು 21ನೆಯ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಖಾಸಗಿ ಕೆಲಸಗಾರರ ದೂರಿನಲ್ಲಿ ಮೊದಲು ಕೇಳಬೇಕಾದುದು, ಆ ನೀತಿ ಎಲ್ಲಿದೆ, ಅದರಲ್ಲಿ ಏನಿದೆ ಎಂದು.

ಈಗ ಗುಮಾಸ್ತರ ನಾಲ್ಕು ಪುಟಗಳಿಗೆ ಮರಳೋಣ. ಒಂದೊಂದನ್ನೇ ತೆಗೆದುಕೊಂಡು ನೋಡಿದರೆ ವಿಷಯ ಸ್ವಾರಸ್ಯವಾಗಿದೆ.

ಮೆಟ್ಟಿಲಿನ ವಿಷಯ ನಿಸ್ಸಂದೇಹವಾಗಿ ಒಳಗೆ ಬರುತ್ತದೆ. 'ಎಲ್ಲರಿಗೂ ಮೆಟ್ಟಿಲು ಒಂದೇ, ನಾನು ಯಾರಿಗೂ ಭೇದ ಮಾಡಿಲ್ಲ' ಎಂದು ಮೇಲಧಿಕಾರಿ ಹೇಳಬಹುದು. ಕೇಳಲು ಇದು ನ್ಯಾಯದ ಮಾತಿನಂತೆ ತೋರುತ್ತದೆ. ಆದರೆ ಕಾನೂನು ತಾರತಮ್ಯ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ 'ಸಮಂಜಸ ಹೊಂದಾಣಿಕೆ'ಯನ್ನು ನಿರಾಕರಿಸುವುದೂ ಸೇರಿದೆ. ಸಮಂಜಸ ಹೊಂದಾಣಿಕೆ ಎಂದರೆ, ಸಂಸ್ಥೆಗೆ ಹೊರಲಾರದ ಭಾರವಾಗದಂತೆ, ಒಬ್ಬ ವ್ಯಕ್ತಿಗೆ ಬೇಕಾದ ಬದಲಾವಣೆ ಮಾಡಿಕೊಡುವುದು. ಒಂದು ಮೇಜನ್ನು ಕೆಳಗಿನ ಅಂತಸ್ತಿಗೆ ತರುವುದು ಹೊರಲಾರದ ಭಾರವಲ್ಲ; ಇಬ್ಬರು ಸೇರಿದರೆ ಹತ್ತು ನಿಮಿಷದ ಕೆಲಸ. ಆ ಕಚೇರಿಗೆ ತಕ್ಷಣ ಲಿಫ್ಟ್ ಹಾಕಿಸಿ ಎಂದು ಕೇಳಿದ್ದರೆ ಖರ್ಚು ಎಷ್ಟು, ಕಟ್ಟಡ ಯಾರದು ಎಂಬ ಚರ್ಚೆ ಬರುತ್ತಿತ್ತು.

ಬಡ್ತಿಯ ವಿಷಯವೂ ಒಳಗೆ ಬರುತ್ತದೆ. ಅಂಗವಿಕಲತೆ ಇದೆ ಎಂಬ ಒಂದೇ ಕಾರಣಕ್ಕೆ ಬಡ್ತಿಯನ್ನು ನಿರಾಕರಿಸಬಾರದು ಎಂದು 20ನೆಯ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

ನಳ್ಳಿಯ ನೀರು ಹೊರಗೆ. ನೀರು ಬಾರದಿದ್ದರೆ ಎಲ್ಲರಿಗೂ ಒಂದೇ ರೀತಿಯ ತೊಂದರೆ. ಅದಕ್ಕೆ ಬೇರೆ ಅರ್ಜಿ ಕೊಡಬೇಕು. ಆದರೆ ಕೆಳಗಿನ ನಳ್ಳಿ ಕೆಟ್ಟು, ಮೇಲಿನ ಅಂತಸ್ತಿನಲ್ಲಿ ಮಾತ್ರ ನೀರಿದೆ ಎಂದಾದರೆ? ಶೌಚಾಲಯ ಮೇಲೆ ಮಾತ್ರ ಇದೆ ಎಂದಾದರೆ? ಆಗ ಅದೇ ನಳ್ಳಿ ದೂರಿನ ಒಳಗೆ ಬಂದುಬಿಡುತ್ತದೆ. ಏಕೆಂದರೆ ಈಗ ತೊಂದರೆ ಎಲ್ಲರಿಗೂ ಸಮಾನವಾಗಿಲ್ಲ.

ಅಡ್ಡಹೆಸರಿನ ವಿಷಯ ಸ್ವಲ್ಪ ಸೂಕ್ಷ್ಮ. ಕೆಲಸದ ಜಾಗದಲ್ಲಿ ಹೀಯಾಳಿಸುವುದನ್ನು ಮೇಲಧಿಕಾರಿ ತಡೆಯಲಿಲ್ಲ ಎಂದು ಬರೆದರೆ ಅದು ಈ ದೂರಿಗೆ ಸೇರುತ್ತದೆ. ಆದರೆ ನಾಲ್ಕು ಜನರ ಎದುರು, ಅವಮಾನ ಮಾಡಬೇಕೆಂದೇ ಹೀಗೆ ಮಾಡುವುದು ಕಾಯ್ದೆಯ 92ನೆಯ ಸೆಕ್ಷನ್ ಪ್ರಕಾರ ಅಪರಾಧ. ಅದಕ್ಕೆ ಆರು ತಿಂಗಳಿನಿಂದ ಐದು ವರ್ಷಗಳವರೆಗೆ ಜೈಲು ಶಿಕ್ಷೆ ಇದೆ. ಆ ದೂರು ಹೋಗಬೇಕಾದುದು ಪೊಲೀಸ್ ಠಾಣೆಗೆ. ಶಾಲೆಯಲ್ಲಿ ತಮಾಷೆಗೆಂದು ಕರೆಯುವ ಎಷ್ಟೋ ಹೆಸರುಗಳು ಇದೇ ಜಾತಿಯವು.

ಸಾಲದ ಹಣವೂ ಮನೆಯ ಮುಂದಿನ ರಸ್ತೆಯೂ ಹೊರಗೆ. ಅದರಲ್ಲಿ ಅನುಮಾನವಿಲ್ಲ.

ಕೆಲಸದಲ್ಲಿರುವಾಗಲೇ ಅಂಗವಿಕಲತೆ ಬಂದವರ ಸ್ಥಿತಿ ಏನು? ವಿಶೇಷ ಸೇವಾ ದಳ ಎಂಬ ಕೇಂದ್ರದ ಪಡೆಯಲ್ಲಿ ಒಬ್ಬ ಕಾನ್‌ಸ್ಟೇಬಲ್ ಇದ್ದರು. ಕರ್ತವ್ಯದಲ್ಲಿದ್ದಾಗ ಅವರ ಎಡಗಾಲಿಗೆ ಪೆಟ್ಟಾಗಿ, ಕೊನೆಗೆ ಕಾಲನ್ನು ಕತ್ತರಿಸಬೇಕಾಯಿತು. 1998ರಲ್ಲಿ ಅವರನ್ನು ಸೇವೆಗೆ ಅನರ್ಹರೆಂದು ಮನೆಗೆ ಕಳುಹಿಸಿದರು. ಅವರಿಗೆ ಪಿಂಚಣಿ ಸಿಗುತ್ತಿದೆ, ಆದ್ದರಿಂದ ದೂರಿಗೆ ಜಾಗವಿಲ್ಲ ಎಂದು ಸರ್ಕಾರದ ಕಡೆಯವರು ವಾದಿಸಿದರು. ದೂರನ್ನು ಗಡಿಯ ಹೊರಗೆ ತಳ್ಳುವ ಪ್ರಯತ್ನ ಅದು. 2003ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಸೇವೆಯಲ್ಲಿರುವಾಗ ಅಂಗವಿಕಲತೆ ಬಂದರೆ ಆ ನೌಕರನನ್ನು ತೆಗೆದುಹಾಕುವಂತಿಲ್ಲ. ಮಾಡಬಲ್ಲ ಬೇರೆ ಕೆಲಸವನ್ನು ಅದೇ ವೇತನದಲ್ಲಿ ಕೊಡಬೇಕು. ಅಂತಹ ಕೆಲಸ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯನ್ನೇ ಸೃಷ್ಟಿಸಿ ಇರಿಸಿಕೊಳ್ಳಬೇಕು. ಹಳೆಯ ಕಾಯ್ದೆಯಲ್ಲಿದ್ದ ಈ ನಿಯಮ ಹೊಸ ಕಾಯ್ದೆಯಲ್ಲಿಯೂ ಇದೆ. ಕೆಲಸದ ಸ್ವರೂಪವನ್ನು ನೋಡಿ ಕೆಲವು ಪಡೆಗಳಿಗೆ ಸರ್ಕಾರ ವಿನಾಯಿತಿ ಕೊಡುವುದುಂಟು ಎಂಬುದನ್ನೂ ತಿಳಿದಿರಬೇಕು.

ಮುಂದಿನ ಪ್ರಶ್ನೆ ಹೆಚ್ಚು ಕಠಿಣ. ನಡೆದ ಅನ್ಯಾಯಕ್ಕೆ ಅಂಗವಿಕಲತೆಯೇ ಕಾರಣ ಎಂದು ತೋರಿಸುವುದು ಹೇಗೆ? ಯಾವ ಅಧಿಕಾರಿಯೂ 'ನೀವು ಅಂಗವಿಕಲರು, ಅದಕ್ಕೇ ಹೀಗೆ ಮಾಡಿದೆ' ಎಂದು ಬರೆದು ಕೊಡುವುದಿಲ್ಲ. ಬೇರೆ ಕಾರಣವನ್ನೇ ಬರೆಯುತ್ತಾರೆ: ತಡವಾಗಿ ಬಂದರು, ರಜೆ ಹೆಚ್ಚು ಹಾಕಿದರು, ಮಾತು ಒರಟು. ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಒಬ್ಬ ಅಧಿಕಾರಿಗೆ ಮಾನಸಿಕ ಕಾಯಿಲೆ ಇತ್ತು. ಅವರ ನಡತೆ ಸರಿಯಿಲ್ಲ ಎಂದು ಶಿಸ್ತು ಕ್ರಮ ಕೈಗೊಂಡರು. 2021ರ ಡಿಸೆಂಬರ್ 17ರಂದು ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯ ಮಾತು ಹೇಳಿತು. ಅಂಗವಿಕಲತೆಯೊಂದೇ ಕಾರಣವಾಗಿರಬೇಕೆಂದಿಲ್ಲ, ಕಾರಣಗಳಲ್ಲಿ ಅದೂ ಒಂದಾಗಿದ್ದರೆ ಸಾಕು ಎಂದು. ಆ ಶಿಸ್ತು ಕ್ರಮವನ್ನು ಕೋರ್ಟು ರದ್ದು ಮಾಡಿತು. ಈ ತೀರ್ಪಿನ ನಂತರ ದೂರಿನ ಗಡಿ ಎಷ್ಟು ವಿಸ್ತಾರವಾಯಿತು ಎಂಬುದನ್ನು ಯೋಚಿಸಿ ನೋಡಿ. ನಮ್ಮ ಗುಮಾಸ್ತರು ದಿನವೂ ಹದಿನೈದು ನಿಮಿಷ ತಡವಾಗಿ ಮೇಜಿಗೆ ಬರುತ್ತಾರೆ ಎಂದು ನೋಟೀಸು ಬಂದಿದೆ ಎಂದುಕೊಳ್ಳಿ. ತಡವಾಗುವುದು ಮೆಟ್ಟಿಲು ಹತ್ತುವುದರಿಂದ. ಆಗ ಆ ನೋಟೀಸನ್ನೂ ದೂರಿನೊಳಗೆ ಸೇರಿಸಬಹುದು.

ಯಾವ ದಿನದಿಂದ ಎಂಬ ಪ್ರಶ್ನೆಗೆ ನಮ್ಮ ಕೇರಳದ್ದೇ ಒಂದು ಉದಾಹರಣೆ ಇದೆ. ಕೇರಳ ಸರ್ಕಾರ ಮತ್ತು ಲೀಸಮ್ಮ ಜೋಸೆಫ್ ಎಂಬವರ ನಡುವಿನ ಪ್ರಕರಣ ಅದು. ಪೋಲಿಯೊದಿಂದ ಕಾಲಿನ ಬಲ ಕುಂದಿದ್ದ ಅವರು 1996ರಲ್ಲಿ ಪೊಲೀಸ್ ಇಲಾಖೆಯಲ್ಲಿ ಟೈಪಿಸ್ಟ್ ಆಗಿ ಸೇರಿದರು. ಸೇವೆಯಲ್ಲಿದ್ದಾಗಲೇ ತೀರಿಕೊಂಡ ಸಹೋದರನ ಆಶ್ರಿತರಾಗಿ ಅವರಿಗೆ ಆ ಕೆಲಸ ಸಿಕ್ಕಿತ್ತು. ಬಡ್ತಿಯಲ್ಲಿ ಅಂಗವಿಕಲರಿಗೆ ಮೀಸಲಾತಿ ಇದ್ದಿದ್ದರೆ ತನಗೆ ಬಹಳ ಮೊದಲೇ, 2002ರಲ್ಲಿಯೇ, ಮೇಲಿನ ಹುದ್ದೆ ಸಿಗುತ್ತಿತ್ತು ಎಂಬುದು ಅವರ ದೂರು.

ಇಲ್ಲಿ ಗಡಿಯ ಜಗಳ ಒಂದೆರಡಲ್ಲ. ಕಾಯ್ದೆಯಲ್ಲಿ ನೇಮಕಾತಿಗೆ ಮೀಸಲಾತಿ ಎಂದಿದೆ, ಬಡ್ತಿಗೂ ಅದು ಇದೆಯೇ? ಅವರು ಅಂಗವಿಕಲರ ಮೀಸಲಾತಿಯಲ್ಲಿ ಸೇರಿದವರಲ್ಲ, ಆಶ್ರಿತರ ನೇಮಕಾತಿಯಲ್ಲಿ ಬಂದವರು. ಒಂದು ಬಾಗಿಲಿನಿಂದ ಒಳಗೆ ಬಂದು ಇನ್ನೊಂದು ಬಾಗಿಲಿನವರ ಸೌಲಭ್ಯ ಕೇಳಬಹುದೇ? ಯಾವ ಹುದ್ದೆಗಳು ಅಂಗವಿಕಲರಿಗೆ ಸೂಕ್ತ ಎಂಬ ಪಟ್ಟಿಯನ್ನು ಸರ್ಕಾರ ಇನ್ನೂ ಮಾಡಿಲ್ಲ. ಪಟ್ಟಿಯೇ ಇಲ್ಲದಾಗ ಹಕ್ಕು ಎಲ್ಲಿಂದ ಬರಬೇಕು? 2015ರಲ್ಲಿ ಕೇರಳ ಆಡಳಿತ ನ್ಯಾಯಮಂಡಳಿ ಅವರ ಅರ್ಜಿಯನ್ನು ತಳ್ಳಿಹಾಕಿತು. 2020ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟು ಅದನ್ನು ಒಪ್ಪಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಜೂನ್ 28ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಬಡ್ತಿಯಲ್ಲಿಯೂ ಮೀಸಲಾತಿ ಇದೆ, ಯಾವ ಬಾಗಿಲಿನಿಂದ ಸೇವೆಗೆ ಬಂದರು ಎಂಬುದು ಮುಖ್ಯವಲ್ಲ, ಪಟ್ಟಿ ಮಾಡದೆ ಇರುವುದನ್ನು ನೆಪವಾಗಿ ಬಳಸಿ ಹಕ್ಕನ್ನು ತಪ್ಪಿಸುವಂತಿಲ್ಲ ಎಂದಿತು. ಹುದ್ದೆಗಳನ್ನು ಗುರುತಿಸಿ ಬಡ್ತಿಯಲ್ಲಿ ಮೀಸಲಾತಿ ಕೊಡಲು ಕೇರಳ ಸರ್ಕಾರಕ್ಕೆ ಮೂರು ತಿಂಗಳ ಗಡುವನ್ನೂ ಕೊಟ್ಟಿತು.

ಈ ಪ್ರಕರಣದಲ್ಲಿ ದೂರು ಒಬ್ಬರದು. ಅವರು ಕೇಳಿದ ದಿನಾಂಕಗಳು ಹಳೆಯ ಕಾಯ್ದೆಯ ಕಾಲದವು. ಆದ್ದರಿಂದ ಕೋರ್ಟು 1995ರ ಕಾಯ್ದೆಯನ್ನೇ ಹಿಡಿದು ಅಳೆಯಿತು. ಘಟನೆ ಯಾವಾಗ ನಡೆಯಿತೋ ಆಗಿನ ಕಾನೂನು ಯಾವುದು ಎಂದು ನೋಡಬೇಕಾಗುತ್ತದೆ. ದೂರಿನಲ್ಲಿ ದಿನಾಂಕಗಳನ್ನು ಜಾಗ್ರತೆಯಾಗಿ ಬರೆಯಬೇಕು ಎನ್ನುವುದು ಅದಕ್ಕೇ. ಆದರೆ ಆದೇಶದ ಫಲ ಅವರೊಬ್ಬರಲ್ಲಿ ನಿಲ್ಲಲಿಲ್ಲ, ಕೇರಳದ ಎಲ್ಲ ಇಲಾಖೆಗಳ ಅಂಗವಿಕಲ ನೌಕರರಿಗೂ ಮುಟ್ಟಿತು.

ಒಬ್ಬರ ದೂರೋ, ಎಲ್ಲರ ದೂರೋ ಎಂಬ ವಿಷಯ ಬಂದಾಗ ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಅದು ಉದ್ಯೋಗದ ದೂರಲ್ಲ ಎಂಬುದು ನಿಜ. ಪ್ಲಾಂಟೇಶನ್ ಕಾರ್ಪೊರೇಶನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮೊದಲಾದ ಪಂಚಾಯತುಗಳಲ್ಲಿ ಅನೇಕ ಮಕ್ಕಳು ಅಂಗವಿಕಲತೆಯೊಂದಿಗೆ ಹುಟ್ಟಿದರು. ಎಣ್ಮಕಜೆಯ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ, ಹೊಸದುರ್ಗದ ನ್ಯಾಯಾಲಯಕ್ಕೆ ಹೋದ ಲೀಲಾಕುಮಾರಿ ಅಮ್ಮ ಮೊದಲಾದವರು ಇದನ್ನು ಹೊರಜಗತ್ತಿಗೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಆ ಕೀಟನಾಶಕವನ್ನು ತಡೆಯಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು.

ವರ್ಷಗಳು ಕಳೆದರೂ ಹಣ ಬಂದಿರಲಿಲ್ಲ. ಎಂಟು ಮಂದಿ ಮತ್ತೆ ಕೋರ್ಟಿಗೆ ಹೋದರು. ಆಗ ಸರ್ಕಾರ ಆ ಎಂಟು ಮಂದಿಗೆ ಮಾತ್ರ ಹಣ ಕೊಟ್ಟಿತು! ಉಳಿದ ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೋರ್ಟಿನ ಬಾಗಿಲು ತಟ್ಟಿರಲಿಲ್ಲವಲ್ಲ. 2022ರ ಮೇ 13ರಂದು ಸುಪ್ರೀಂ ಕೋರ್ಟು ಇದನ್ನು ಕಟುವಾಗಿ ಟೀಕಿಸಿತು. ಕೋರ್ಟಿಗೆ ಬರುವ ಶಕ್ತಿ ಇದ್ದವರಿಗೆ ಮಾತ್ರ ನ್ಯಾಯ ಎಂಬುದು ಸರಿಯಲ್ಲ ಎಂಬುದು ಅದರ ಆಶಯವಾಗಿತ್ತು. ಹಾಸಿಗೆಯಿಂದ ಏಳಲಾರದ ಮಗುವನ್ನು ನೋಡಿಕೊಳ್ಳುವ ತಾಯಿ ದೆಹಲಿಗೆ ಹೋಗುವುದು ಹೇಗೆ? 2017ರ ಆದೇಶದ ಗಡಿಯೊಳಗೆ ಮೊದಲಿನಿಂದಲೂ ಎಲ್ಲರೂ ಇದ್ದರು. ಅದನ್ನು ಎಂಟು ಮಂದಿಗೆ ಕುಗ್ಗಿಸಿದ್ದು ಅಧಿಕಾರಿಗಳು.

ಗುಮಾಸ್ತರಿಗೂ ಇಂತಹ ಪ್ರಶ್ನೆ ಬರುತ್ತದೆ. ಅವರ ಕಚೇರಿಗೆ ಅಂಗವಿಕಲರಾದ ಸಾರ್ವಜನಿಕರೂ ಬರುತ್ತಾರೆ. ಅವರ ಪರವಾಗಿಯೂ ಕೇಳಬೇಕೇ, ತನಗಾಗಿ ಮಾತ್ರ ಕೇಳಬೇಕೇ? ಎರಡನ್ನೂ ಕೇಳಬಹುದು. ಆದರೆ ಬೇರೆ ಬೇರೆ ಸಾಲುಗಳಲ್ಲಿ ಬರೆಯುವುದು ಒಳ್ಳೆಯದು. ಇಲ್ಲದಿದ್ದರೆ 'ಮುಂದಿನ ವರ್ಷ ಎಲ್ಲರಿಗೂ ರ್‍ಯಾಂಪ್ ಕಟ್ಟಿಸುತ್ತೇವೆ' ಎಂಬ ಉತ್ತರ ಬಂದು, ನಾಳೆಯೇ ಆಗಬಹುದಾಗಿದ್ದ ಮೇಜಿನ ಕೆಲಸ ನಿಂತುಹೋಗುತ್ತದೆ.

ಗಡಿ ಗುರುತಿಸಿದ ಮೇಲೆ ನಾಲ್ಕು ಪುಟಗಳು ಹೀಗೆ ಕಿರಿದಾಗುತ್ತವೆ:

'ನಾನು ಈ ಕಚೇರಿಯ ಗುಮಾಸ್ತ. ನನಗೆ ಚಲನೆಯ ಅಂಗವಿಕಲತೆ ಇದೆ. ಪ್ರಮಾಣಪತ್ರದ ಪ್ರತಿ ಜೊತೆಗಿದೆ. ನನ್ನ ಮೇಜನ್ನು ಕೆಳಗಿನ ಅಂತಸ್ತಿಗೆ ಬದಲಾಯಿಸಲು ಜೂನ್ 3ರಂದು ಲಿಖಿತವಾಗಿ ಕೇಳಿದ್ದೆ. ಜೂನ್ 10ರಂದು ನಿರಾಕರಿಸಲಾಯಿತು. ಕಾರಣ ತಿಳಿಸಿಲ್ಲ. ಆಗಸ್ಟ್ 1ರ ಬಡ್ತಿ ಪಟ್ಟಿಯಲ್ಲಿ, ಓಡಾಟ ಹೆಚ್ಚು ಎಂಬ ಕಾರಣ ಹೇಳಿ ನನ್ನನ್ನು ಬಿಡಲಾಗಿದೆ. ಇವೆರಡೂ 2016ರ ಕಾಯ್ದೆಯ 20ನೆಯ ಸೆಕ್ಷನಿಗೆ ವಿರುದ್ಧವಾಗಿವೆ. ಮೇಜನ್ನು ಕೂಡಲೇ ಬದಲಾಯಿಸಬೇಕು. ನನ್ನ ಬಡ್ತಿಯನ್ನು ಆಗಸ್ಟ್ 1ರಿಂದಲೇ ಪರಿಗಣಿಸಬೇಕು. ಕಚೇರಿಯ ಬಾಗಿಲಿಗೆ ರ್‍ಯಾಂಪ್ ಬೇಕೆಂಬುದು ನನ್ನ ಇನ್ನೊಂದು, ಪ್ರತ್ಯೇಕ ಬೇಡಿಕೆ.'

ಹತ್ತು ಸಾಲು. ಕೋಪ ಎಲ್ಲಿಯೂ ಕಾಣುವುದಿಲ್ಲ, ಆದರೆ ಉತ್ತರ ಕೊಡದೆ ತಪ್ಪಿಸಿಕೊಳ್ಳಲು ಮೇಲಧಿಕಾರಿಗೆ ದಾರಿಯೂ ಕಾಣುವುದಿಲ್ಲ. 'ಕಾರಣ ತಿಳಿಸಿಲ್ಲ' ಎಂಬ ಎರಡು ಪದಗಳು ಎಷ್ಟು ಕೆಲಸ ಮಾಡುತ್ತವೆ ನೋಡಿ. ಏನು ಆಗಬೇಕು ಎಂಬುದನ್ನು ಬರೆಯಲು ಹೆಚ್ಚಿನವರು ಮರೆಯುತ್ತಾರೆ. ನೋವನ್ನಷ್ಟೇ ಬರೆದು ನಿಲ್ಲಿಸುತ್ತಾರೆ.

ಈ ಕಾಗದವನ್ನು ಕೊಡುವುದು ಯಾರಿಗೆ? ಪ್ರತಿಯೊಂದು ಸರ್ಕಾರಿ ಸಂಸ್ಥೆಯಲ್ಲಿಯೂ ದೂರು ಪರಿಹಾರ ಅಧಿಕಾರಿ ಇರಬೇಕು ಎಂದು ಕಾಯ್ದೆಯ 23ನೆಯ ಸೆಕ್ಷನ್ ಹೇಳುತ್ತದೆ. ಅವರು ದೂರುಗಳಿಗಾಗಿಯೇ ಒಂದು ರಿಜಿಸ್ಟರ್ ಇಡಬೇಕು. ದೂರು ದಾಖಲಾದ ಎರಡು ವಾರಗಳೊಳಗೆ ವಿಚಾರಣೆ ನಡೆಸಬೇಕು. ಅಲ್ಲಿ ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ ಇದೆ. ರಾಜ್ಯ ಸರ್ಕಾರಕ್ಕೆ ಸೇರಿದ ಕಚೇರಿಯಾದರೆ ತಿರುವನಂತಪುರದಲ್ಲಿರುವ ರಾಜ್ಯ ಆಯುಕ್ತರಿಗೂ ಬರೆಯಬಹುದು. ರೈಲ್ವೆ ನಿಲ್ದಾಣ, ಅಂಚೆ ಕಚೇರಿ, ಕೂಡ್ಲಿನಲ್ಲಿರುವ ತೋಟಬೆಳೆ ಸಂಶೋಧನಾ ಸಂಸ್ಥೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಇವೆಲ್ಲ ಕೇಂದ್ರಕ್ಕೆ ಸೇರಿದವು. ಅಂತಹ ಕಡೆ ಕೆಲಸ ಮಾಡುವವರು ದೆಹಲಿಯ ಮುಖ್ಯ ಆಯುಕ್ತರಿಗೆ ಬರೆಯಬೇಕು. ವಿಳಾಸ ತಪ್ಪಿದರೆ ದೂರು ಅಲೆದಾಡುತ್ತದೆ. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಕಚೇರಿ ಮೂರು ತಿಂಗಳೊಳಗೆ ಏನು ಕ್ರಮ ಕೈಗೊಂಡಿತೆಂದು ತಿಳಿಸಬೇಕು. ಶಿಫಾರಸನ್ನು ಒಪ್ಪದಿದ್ದರೆ ಅದರ ಕಾರಣವನ್ನು ಆಯುಕ್ತರಿಗೂ ದೂರು ಕೊಟ್ಟವರಿಗೂ ತಿಳಿಸಬೇಕು.

ಭಾಷೆಯ ಬಗ್ಗೆಯೂ ಒಂದು ಮಾತು. ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಲು ಬಾರದು ಎಂದು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಷ್ಟೋ ಮಂದಿ ಸುಮ್ಮನೆ ಕುಳಿತುಬಿಡುತ್ತಾರೆ. ಕುಂದುಕೊರತೆಯ ಪರಿಹಾರಕ್ಕಾಗಿ ಕೊಡುವ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಬರೆಯುವ ಹಕ್ಕನ್ನು ಭಾರತದ ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಆ ಹತ್ತು ಸಾಲುಗಳನ್ನು ಕನ್ನಡದಲ್ಲಿಯೇ ಬರೆದು ಕೊಡಬಹುದು. ಕೊಡುವಾಗ ಒಂದು ಪ್ರತಿಯನ್ನು ತಮ್ಮಲ್ಲಿ ಇರಿಸಿಕೊಂಡು, ಅದರ ಮೇಲೆ ರಿಜಿಸ್ಟರಿನ ಸಂಖ್ಯೆಯನ್ನೂ ತಾರೀಕನ್ನೂ ಬರೆಸಿಕೊಳ್ಳಬೇಕು. ಎರಡು ವಾರಗಳ ಲೆಕ್ಕ ಆ ತಾರೀಕಿನಿಂದಲೇ ಶುರುವಾಗುತ್ತದೆ.